ಬಾವುಟ ಹಳೆಯದೇ? ದಾರವನ್ನು ಕೇಳಿ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಜಾತ್ರೆಗೆ ಹೋದವರಿಗೆ ‘ಮುಕ್ತಿ ಬಾವುಟ’ದ ಹರಾಜು ಗೊತ್ತೇ ಇರುತ್ತದೆ. ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಹೊರಡುವ ಮುಂಚೆ ಒಂದು ಬಾವುಟ ಹರಾಜಿಗೆ ಬರುತ್ತದೆ, ಲಕ್ಷಾಂತರ ರೂಪಾಯಿಗೆ ಹೋಗುತ್ತದೆ. ಅಷ್ಟೇ ಬಟ್ಟೆಯನ್ನು ದರ್ಜಿಯ ಹತ್ತಿರ ಹೊಲಿಸಿದರೆ ಎಷ್ಟಾದೀತು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಯಾವ ತೇರಿನ ಬಾವುಟ ಎಂಬುದಕ್ಕೆ ಅಲ್ಲಿ ಬೆಲೆ.

ಓದಲೆಂದು ಅಮೆರಿಕಕ್ಕೆ ಬಂದ ಮೇಲೆ ಇಂಥದ್ದೇ ಇನ್ನೊಂದು ಬಾವುಟದ ಲೋಕ ಕಂಡೆ. ಇಲ್ಲಿನದು ಬೇಸ್‌ಬಾಲ್ ತಂಡಗಳ ಬಾವುಟ, ಹೆಸರು ಪೆನಂಟ್. ಸುಮಾರು 12 ಇಂಚು ಅಗಲ, 30 ಇಂಚು ಉದ್ದದ ಮುಕ್ಕೋನದ ಬಟ್ಟೆ. ಅಗಲದ ಬದಿಗೆ ಬೇರೆ ಬಣ್ಣದ ಪಟ್ಟಿ ಹೊಲಿದು, ಕೋಲಿಗೆ ಕಟ್ಟಲು ನಾಲ್ಕಾರು ಎಳೆ ಇಳಿಬಿಟ್ಟಿರುತ್ತಾರೆ. ಮೇಲೆ ತಂಡದ ಹೆಸರು, ಪಕ್ಕದಲ್ಲಿ ಒಂದು ಚಿತ್ರ. ಆಟ ನೋಡಲು ಬಂದವರು ಕ್ರೀಡಾಂಗಣದ ಬಾಗಿಲಲ್ಲಿ ಕೊಂಡು, ಮನೆಗೆ ಒಯ್ದು ಗೋಡೆಗೆ ಪಿನ್ನು ಚುಚ್ಚಿ ನೇತುಹಾಕುತ್ತಿದ್ದರು. ಆ ಆಟದಲ್ಲಿ ಈ ಪದಕ್ಕೆ ಎಷ್ಟು ಮಾನ ಎಂದರೆ, ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಎಂಬ ಎರಡು ಬಣಗಳಲ್ಲಿ ಚಾಂಪಿಯನ್ ಆದ ತಂಡ ‘ಪೆನಂಟ್ ಗೆದ್ದಿತು’ ಎಂದೇ ಹೇಳುತ್ತಾರೆ. 1903ರಲ್ಲಿ ಶುರುವಾದ ವರ್ಲ್ಡ್ ಸಿರೀಸ್‌ನಲ್ಲಿ ಆ ಇಬ್ಬರು ಪೆನಂಟ್ ವಿಜೇತರೇ ಎದುರುಬದುರಾಗುತ್ತಾರೆ.

ಒಂದು ಕಾಲಕ್ಕೆ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಈ ಬಟ್ಟೆಗಳನ್ನು ಈಗ ನೂರಾರು ಡಾಲರ್ ಕೊಟ್ಟು ಕೊಳ್ಳುವವರಿದ್ದಾರೆ. ಬೆಲೆ ಬಂದ ಕಡೆ ನಕಲೂ ಬರುತ್ತದಲ್ಲ! ಹಳೆಯದೋ, ಹಳೆಯದರಂತೆ ಕಾಣುವ ಹೊಸದೋ ಎಂದು ಪತ್ತೆ ಮಾಡುವುದೇ ಒಂದು ವಿದ್ಯೆಯಾಗಿದೆ. ನಾನು ಆ ವಿದ್ಯೆಯ ಮೊದಲ ಮೆಟ್ಟಿಲು ಹತ್ತಿದ್ದು ಬಾಡಿಗೆ ಮನೆಯ ಅಟ್ಟದಲ್ಲಿ.

ಅಟ್ಟದ ಮೇಲಿನ ಪೆಟ್ಟಿಗೆ

ದಾವಣಗೆರೆಯಲ್ಲಿ ಜವಳಿ ತಂತ್ರಜ್ಞಾನ ಓದಿದ ನಾನು ಎಂ.ಎಸ್. ಮಾಡಲು ಬಂದದ್ದು ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ. ಹಿಮ ಬೀಳುವುದರಲ್ಲಿ ಇಡೀ ಅಮೆರಿಕದಲ್ಲೇ ಹೆಸರು ಮಾಡಿದ ಊರು. ನಾವು ಮೂವರು ಹುಡುಗಿಯರು ಬಾಡಿಗೆಗಿದ್ದ ಮನೆಯ ಒಡತಿ ಎಪ್ಪತ್ತು ದಾಟಿದವರು, ಒಬ್ಬರೇ ಕೆಳಗಿನ ಮನೆಯಲ್ಲಿದ್ದರು. ಕಳೆದ ಅಕ್ಟೋಬರಿನಲ್ಲಿ ಮನೆ ಬೆಚ್ಚಗಿಡುವ ಯಂತ್ರ ಕೆಟ್ಟಿತು. ಹೊಸದಕ್ಕೆ ನಾಲ್ಕು ಸಾವಿರ ಡಾಲರ್ ಎಂದರು ರಿಪೇರಿಯವರು. ಪಿಂಚಣಿಯಲ್ಲಿ ಬದುಕುವ ಜೀವಕ್ಕೆ ಅದು ದೊಡ್ಡ ಮೊತ್ತ.

ಆಗ ಅವರಿಗೆ ನೆನಪಾದದ್ದು ಅಪ್ಪನ ಪೆಟ್ಟಿಗೆ. ಅವರ ತಂದೆ ದೂರದೂರಿಗೆ ಲಾರಿ ಓಡಿಸುತ್ತಿದ್ದವರು. ಹೋದ ಊರಿನಲ್ಲೆಲ್ಲ ಒಂದೊಂದು ಪೆನಂಟ್ ಕೊಂಡು ತರುವುದು ಅಭ್ಯಾಸ. ಒಟ್ಟು 43 ಪೆನಂಟ್‌ಗಳಿದ್ದವು. ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ನೋಡಿ, ಇಡೀ ಪೆಟ್ಟಿಗೆಗೆ 700 ಡಾಲರ್ ಎಂದ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದ 1955ರ ‘ವಿಶ್ವ ಚಾಂಪಿಯನ್’ ಪೆನಂಟ್ ಒಂದಕ್ಕೆ ಮಾತ್ರ ಬೇರೆಯಾಗಿ ಇನ್ನೂ 400 ಕೊಡುತ್ತೇನೆ, ಆದರೆ ‘ಇದನ್ನು ನಮ್ಮ ತಂದೆ 1955ರಲ್ಲಿ ಕ್ರೀಡಾಂಗಣದಲ್ಲೇ ಕೊಂಡದ್ದು’ ಎಂದು ನೀವು ಬರೆದು ಸಹಿ ಮಾಡಿಕೊಡಬೇಕು ಎಂದ.

‘ನೀನು ಬಟ್ಟೆ ಓದಿದವಳಲ್ಲವೇ, ಸ್ವಲ್ಪ ನೋಡು’ ಎಂದರು ಒಡತಿ. ನನಗೆ ಬೇಸ್‌ಬಾಲ್‌ನ ಗಂಧಗಾಳಿ ಇರಲಿಲ್ಲ. ಬಟ್ಟೆಯ ಗಂಧ ಮಾತ್ರ ಗೊತ್ತಿತ್ತು. ಉಳಿದದ್ದನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಮೂರು ವಾರ ಓದಿಕೊಂಡೆ.

ಹೆಸರೇ ಕ್ಯಾಲೆಂಡರ್

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಇತಿಹಾಸ ಗೊತ್ತಿದ್ದರೆ ಸಾಕು. ನಮ್ಮದೇ ಉದಾಹರಣೆ ತೆಗೆದುಕೊಳ್ಳಿ. ರಣಜಿ ಟ್ರೋಫಿಯಲ್ಲಿ ನಮ್ಮ ತಂಡ ಮೊದಲು ‘ಮೈಸೂರು’ ಎಂದು ಆಡುತ್ತಿತ್ತು. 1973ರಲ್ಲಿ ರಾಜ್ಯದ ಹೆಸರು ಬದಲಾಗಿ, 1973-74ರ ಋತುವಿನಲ್ಲಿ ಕರ್ನಾಟಕ ತಂಡ ಮೊದಲ ಬಾರಿ ರಣಜಿ ಗೆದ್ದಿತು. ಯಾರಾದರೂ ‘ಮೈಸೂರು, ರಣಜಿ ಚಾಂಪಿಯನ್ 1974’ ಎಂದು ಬರೆದ ಟೋಪಿ ಮಾರಲು ಬಂದರೆ ನೀವು ನಕ್ಕು ಕಳುಹಿಸುತ್ತೀರಿ, ಅಲ್ಲವೇ?

ಅಮೆರಿಕದ ಬೇಸ್‌ಬಾಲ್ ತಂಡಗಳು ಇನ್ನೂ ಹೆಚ್ಚು ಊರು ಬದಲಿಸಿವೆ. ಬೋಸ್ಟನ್‌ನ ಬ್ರೇವ್ಸ್ 1953ರಲ್ಲಿ ಮಿಲ್ವಾಕಿಗೆ ಹೋಯಿತು, 1966ರಲ್ಲಿ ಅಟ್ಲಾಂಟಾಕ್ಕೆ. ಫಿಲಡೆಲ್ಫಿಯಾದ ಅಥ್ಲೆಟಿಕ್ಸ್ 1955ರಲ್ಲಿ ಕ್ಯಾನ್ಸಸ್ ಸಿಟಿಗೆ, 1968ರಲ್ಲಿ ಓಕ್‌ಲ್ಯಾಂಡ್‌ಗೆ. ಹಾಗಾಗಿ ‘ಮಿಲ್ವಾಕಿ ಬ್ರೇವ್ಸ್’ ಎಂದು ಬರೆದ ಅಸಲಿ ಪೆನಂಟ್ 1953ರಿಂದ 1965ರ ನಡುವಿನದೇ ಆಗಿರಬೇಕು. ಹೂಸ್ಟನ್‌ನ ತಂಡ 1962ರಿಂದ 1964ರವರೆಗೆ ಮೂರೇ ವರ್ಷ ‘ಕೋಲ್ಟ್ .45’ ಎಂಬ ಪಿಸ್ತೂಲಿನ ಹೆಸರಲ್ಲಿ ಆಡಿ, 1965ರಲ್ಲಿ ‘ಆಸ್ಟ್ರೋಸ್’ ಆಯಿತು. ಎಲ್ಲಕ್ಕಿಂತ ವಿಚಿತ್ರ ಸಿಯಾಟಲ್ ಪೈಲಟ್ಸ್. 1969ರಲ್ಲಿ ಹುಟ್ಟಿ, ಒಂದೇ ಋತು ಆಡಿ, ದಿವಾಳಿಯಾಗಿ, 1970ರ ಆಟ ಶುರುವಾಗಲು ಕೆಲವೇ ದಿನವಿದ್ದಾಗ ಮಿಲ್ವಾಕಿಗೆ ಹೋಗಿ ಬ್ರೂವರ್ಸ್ ಆಯಿತು. ಒಂದೇ ವರ್ಷ ಬದುಕಿದ ತಂಡದ ಬಾವುಟ ಎಷ್ಟು ಉಳಿದೀತು?

ಚಿಹ್ನೆಗಳೂ ವರ್ಷ ಹೇಳುತ್ತವೆ. ಬ್ಯಾಟು ಹಿಡಿದ ಆಟಗಾರನ ನೆರಳಿನಂಥ ಮೇಜರ್ ಲೀಗ್‌ನ ಲಾಂಛನ ಬಳಕೆಗೆ ಬಂದದ್ದು 1969ರಲ್ಲಿ. ಅದಿದ್ದರೆ ಆ ಪೆನಂಟ್ 1969ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಅಂಚಿನಲ್ಲಿ ತಯಾರಕರ ಹೆಸರಿದ್ದರೆ ಅದನ್ನೂ ಓದಬೇಕು. ನಾನಿದ್ದ ಬಫಲೋದಲ್ಲೇ ಟ್ರೆಂಚ್ ಎಂಬ ಕಂಪನಿ ಪೆನಂಟ್ ತಯಾರಿಸುತ್ತಿತ್ತು. ಮಿನ್ನೆಸೋಟಾದ ವಿನೋನಾ ಎಂಬ ಊರಿನ ವಿನ್‌ಕ್ರಾಫ್ಟ್ ಶುರುವಾದದ್ದು 1961ರಲ್ಲಿ. ಅದರ ಹೆಸರಿರುವ ಪೆನಂಟನ್ನು 1950ರದು ಎಂದರೆ ನಂಬುವುದು ಹೇಗೆ?

ಅಜ್ಜಿಯ ಪರೀಕ್ಷೆ

ಹೆಸರನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದ ಎರಡನೆಯ ಸಾಕ್ಷಿ ಬಟ್ಟೆ. ಹಳೆಯ ಪೆನಂಟ್‌ಗಳು ಫೆಲ್ಟ್‌ನವು. ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಗೆ ಬಿಸಿ, ತೇವ, ಒತ್ತಡ ಕೊಟ್ಟು ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮಾಡುವ ಹಾಳೆ. ನಮ್ಮೂರಿನ ಕಂಬಳಿಯನ್ನು ಹಾಸುಹೊಕ್ಕಾಗಿ ನೇಯುತ್ತಾರೆ, ನೂಲಿಗೆ ಹುಣಸೆಬೀಜದ ಸರಿ ಹಚ್ಚುತ್ತಾರೆ. ಫೆಲ್ಟ್‌ಗೆ ಮಗ್ಗವೇ ಬೇಡ. ಆದರೂ ಒದ್ದೆಯಾದಾಗ ಎರಡರದೂ ಒಂದೇ ವಾಸನೆ. ಆ ಅಟ್ಟದಲ್ಲಿ ಪೆಟ್ಟಿಗೆ ತೆರೆದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಕಂಬಳಿಯೇ.

ಬರಬರುತ್ತಾ ತಯಾರಕರು ಉಣ್ಣೆಗೆ ರೇಯಾನ್ ಬೆರೆಸಿದರು, ಆಮೇಲೆ ಕೃತಕ ಎಳೆಗಳಿಗೇ ಹೋದರು. ಪತ್ತೆ ಹೇಗೆ? ರೇಷ್ಮೆ ಸೀರೆ ಕೊಳ್ಳುವಾಗ ನಮ್ಮಜ್ಜಿ ಸೆರಗಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರುತ್ತಿದ್ದಳು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಲೇಜಿನ ಪ್ರಯೋಗಾಲಯದಲ್ಲಿ ಇದನ್ನೇ ‘ಸುಡುವ ಪರೀಕ್ಷೆ’ ಎಂದು ಕಲಿಸಿದಾಗ ನನಗೆ ನಗು ಬಂದಿತ್ತು. ಉಣ್ಣೆಯೂ ಹಾಗೆಯೇ. ಕೂದಲಿನ ವಾಸನೆ, ಬೆಂಕಿ ದೂರ ಸರಿಸಿದರೆ ತಾನೇ ಆರುತ್ತದೆ. ರೇಯಾನ್ ಕಾಗದದಂತೆ ಉರಿಯುತ್ತದೆ. ಪಾಲಿಯೆಸ್ಟರ್, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತವೆ. ಒಂದು ಎಚ್ಚರಿಕೆ: ಪೆನಂಟಿಗೇ ಬೆಂಕಿ ಹಿಡಿಯುವುದಲ್ಲ! ಪಟ್ಟಿಯ ಹಿಂದೆ ತಾನೇ ಸಡಿಲವಾಗಿರುವ ಒಂದೆರಡು ಎಳೆ ಸಾಕು, ಅದೂ ಒಡೆಯರ ಒಪ್ಪಿಗೆ ಪಡೆದು.

ಫೆಲ್ಟ್‌ಗಿಂತ ಒಳ್ಳೆಯ ಸಾಕ್ಷಿ ಹೊಲಿಗೆಯ ದಾರ. ಪಾಲಿಯೆಸ್ಟರ್ ಎಳೆಯನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದು 1941ರಲ್ಲಿ, ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. 1930ರ ಪೆನಂಟಿಗೆ ಮೂಲ ಹೊಲಿಗೆಯೇ ಪಾಲಿಯೆಸ್ಟರ್ ದಾರದ್ದಾಗಿದ್ದರೆ ಮುಂದಿನ ಮಾತು ಬೇಕಿಲ್ಲ. ನಕಲು ಮಾಡುವವನು ಹಳೆಯ ಉಣ್ಣೆ ಹುಡುಕಿ ತರಬಹುದು. ಹಳೆಯ ದಾರ ಹುಡುಕುವಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬೆಳಕು, ಭೂತಗನ್ನಡಿ, ಪಿನ್ನಿನ ತೂತು

ಮೂರನೆಯದು ನೇರಳಾತೀತ ಬೆಳಕು. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವಂಥ ದೀಪ. ಎರಡನೇ ಮಹಾಯುದ್ಧದ ನಂತರ ಸೋಪಿನ ಪುಡಿಗೂ ಬಟ್ಟೆಗೂ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಸಾಮಾನ್ಯವಾಯಿತು. ಅದು ಈ ಬೆಳಕಿನಲ್ಲಿ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಯುದ್ಧಕ್ಕೆ ಮುಂಚಿನದು ಎನ್ನುವ ಪೆನಂಟ್ ಹಾಗೆ ಹೊಳೆದರೆ ಅನುಮಾನ ಪಡಬೇಕು. ಅನುಮಾನ ಅಷ್ಟೇ, ತೀರ್ಪಲ್ಲ. ಹಳೆಯದನ್ನೇ ಯಾರೋ ಆಮೇಲೆ ಸೋಪಿನಲ್ಲಿ ಒಗೆದಿರಲೂಬಹುದು.

ಭೂತಗನ್ನಡಿ ಅಚ್ಚಿನ ಕಥೆ ಹೇಳುತ್ತದೆ. ತೀರಾ ಹಳೆಯ ಪೆನಂಟ್‌ಗಳಲ್ಲಿ ಅಕ್ಷರಗಳನ್ನು ಬೇರೆ ಫೆಲ್ಟ್‌ನಲ್ಲಿ ಕತ್ತರಿಸಿ ಹೊಲಿಯುತ್ತಿದ್ದರು. ಆಮೇಲೆ ಸ್ಕ್ರೀನ್ ಪ್ರಿಂಟಿಂಗ್ ಬಂತು. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ಬಣ್ಣ ದಪ್ಪಗೆ ಕೂತಿರುತ್ತದೆ, ಹಳೆಯದಾದಂತೆ ಎಳೆಗಳ ಜಾಡಿನಲ್ಲೇ ಬಿರುಕು ಬಿಡುತ್ತದೆ. ಒಂದು ಬಣ್ಣ ಇನ್ನೊಂದರಿಂದ ಕೂದಲೆಳೆಯಷ್ಟು ಆಚೀಚೆ ಸರಿದಿರುವುದೂ ಉಂಟು. ಇಂದಿನ ಡಿಜಿಟಲ್ ಮುದ್ರಣದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ.

ಕೊನೆಯದು ಮುಪ್ಪು. ನಿಜವಾದ ಮುಪ್ಪು ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ. ಗೋಡೆಯಲ್ಲಿದ್ದ ಪೆನಂಟಿನ ಮುಂಬದಿ ಬಿಸಿಲಿಗೆ ಮಾಸಿರುತ್ತದೆ, ಹಿಂಬದಿ ಗಾಢವಾಗಿರುತ್ತದೆ. ಪಟ್ಟಿಯ ಅಡಿಯಲ್ಲಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಮೂಲೆಗಳಲ್ಲಿ ಪಿನ್ನಿನ ತೂತು, ಸುತ್ತ ತುಕ್ಕಿನ ಕಲೆ. ಅಲ್ಲಲ್ಲಿ ನುಸಿ ತಿಂದ ಗುರುತು, ಏಕೆಂದರೆ ನುಸಿಗೆ ಉಣ್ಣೆ ಬೇಕು, ಪಾಲಿಯೆಸ್ಟರ್ ಬೇಡ. ಚಹಾದ ನೀರಿನಲ್ಲಿ ಅದ್ದಿ ಹಳೆಯದು ಮಾಡಿದ್ದಾದರೆ ಹಿಂದೆ, ಮುಂದೆ, ಪಟ್ಟಿಯ ಒಳಗೆ ಎಲ್ಲ ಒಂದೇ ಕಂದು.

ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಮಾಡಿ ಬರೆದೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ‘ದಾರ ಹತ್ತಿಯದು’ ಎಂಬುದು ಕಂಡದ್ದು. ‘ಅಪ್ಪ ಹೂಸ್ಟನ್‌ನಲ್ಲಿ ಕೊಂಡದ್ದು’ ಎಂಬುದು ಕೇಳಿದ್ದು. ‘1962-64ರದ್ದಿರಬೇಕು’ ಎಂಬುದು ಊಹೆ. ಒಂದು ಕಾಲಮ್ಮಿನದನ್ನು ಇನ್ನೊಂದಕ್ಕೆ ಜಾರಲು ಬಿಡಬಾರದು, ಅಷ್ಟೇ ನಿಯಮ.

ಊರಿಗೆ ವಿಡಿಯೊ ಕರೆ ಮಾಡಿದಾಗ ಅವ್ವನಿಗೂ ತೋರಿಸಿದೆ. ‘ಅಲ್ಲವ್ವಾ, ನುಸಿ ತಿಂದ ಬಟ್ಟೆ ಮುಂದಿಟ್ಕೊಂಡು ಕುಂತಿದೀಯಲ್ಲ, ಕೆಲಸ ಹುಡುಕೋದು ಯಾವಾಗ?’ ಎಂದಳು. ಅವಳ ಆತಂಕ ಸುಳ್ಳಲ್ಲ. ಡಿಸೆಂಬರಿಗೆ ನನ್ನ ಓದು ಮುಗಿಯುವುದಿತ್ತು. ಓದು ಮುಗಿದ ಮೇಲೆ ಇಲ್ಲಿ ತಾತ್ಕಾಲಿಕ ಕೆಲಸದ ಅನುಮತಿ ಸಿಗುತ್ತದೆ. ಆದರೆ ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿ ಇರುವಂತಿಲ್ಲ. ತಲೆಯ ಮೇಲೆ ಬ್ಯಾಂಕಿನ ಸಾಲ ಬೇರೆ.

1955ರ ಕಥೆ

ಡಾಡ್ಜರ್ಸ್ ಪೆನಂಟನ್ನು ಕೊನೆಗೆ ಇಟ್ಟುಕೊಂಡಿದ್ದೆ. ಬ್ರೂಕ್ಲಿನ್ ಜನರಿಗೆ ಆ ತಂಡ ಎಂದರೆ ಮನೆಮಗ. 1947ರಲ್ಲಿ ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನನ್ನು ಕಣಕ್ಕಿಳಿಸಿ, ಮೇಜರ್ ಲೀಗ್‌ನಲ್ಲಿ ದಶಕಗಳಿಂದಿದ್ದ ವರ್ಣಭೇದದ ಗೋಡೆ ಒಡೆದದ್ದು ಇದೇ ತಂಡ. ಮತ್ತೆ ಮತ್ತೆ ಫೈನಲ್‌ನಲ್ಲಿ ಸೋತು, ಕೊನೆಗೆ 1955ರಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಗೆದ್ದಿತು. ಬ್ರೂಕ್ಲಿನ್‌ನಲ್ಲಿದ್ದಾಗ ಅದು ಗೆದ್ದ ಏಕೈಕ ವರ್ಲ್ಡ್ ಸಿರೀಸ್ ಅದು. 1958ರ ಹೊತ್ತಿಗೆ ತಂಡವೇ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. 1960ರಲ್ಲಿ ಅದರ ಕ್ರೀಡಾಂಗಣ ಎಬೆಟ್ಸ್ ಫೀಲ್ಡ್ ಅನ್ನೂ ಕೆಡವಿದರು. ಹಾಗಾಗಿಯೇ 1955ರ ಪೆನಂಟಿಗೆ ಅಷ್ಟು ಬೇಡಿಕೆ.

‘ಗೆದ್ದ ದಿನ ಎಬೆಟ್ಸ್ ಫೀಲ್ಡ್‌ನಲ್ಲೇ ಅಪ್ಪ ಇದನ್ನು ಕೊಂಡರು’ ಎಂಬುದು ಒಡತಿ ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ಡಾಡ್ಜರ್ಸ್ ಗೆದ್ದ ಏಳನೇ ಪಂದ್ಯ 1955ರ ಅಕ್ಟೋಬರ್ 4ರಂದು ನಡೆದದ್ದು ಎದುರಾಳಿಗಳ ಯಾಂಕೀ ಸ್ಟೇಡಿಯಂನಲ್ಲಿ. ಮನೆಯ ಕಥೆಗಳು ಹೇಳುತ್ತಾ ಹೇಳುತ್ತಾ ಸ್ವಲ್ಪ ಜರುಗುತ್ತವೆ, ಅದೊಂದೇ ಸಾಲದು ಎಂದುಕೊಂಡು ಬಟ್ಟೆಗೆ ಕೈ ಹಾಕಿದೆ. ಬಿಳಿ ದಾರ ನೇರಳಾತೀತ ಬೆಳಕಿನಲ್ಲಿ ಟ್ಯೂಬ್‌ಲೈಟಿನಂತೆ ಹೊಳೆಯಿತು. ಸಡಿಲ ಎಳೆ ಕರಗಿ ಮಣಿಯಾಯಿತು. ಫೆಲ್ಟ್ ಕೂಡ ಉಣ್ಣೆಯದಲ್ಲ. ಭೂತಗನ್ನಡಿಯಲ್ಲಿ ಚುಕ್ಕೆಗಳು. ಪಟ್ಟಿಯ ತುದಿಯಲ್ಲಿ ಚೀಟಿಯೊಂದನ್ನು ಕತ್ತರಿಸಿ ತೆಗೆದ ಹೊಲಿಗೆಯ ಗುರುತು. ನೆನಪಿಗಾಗಿ ಹಳೆಯ ವಿನ್ಯಾಸಗಳನ್ನು ಹೊಸದಾಗಿ ತಯಾರಿಸಿ ಮಾರುವುದು ಇಲ್ಲಿ ಕಾನೂನುಬದ್ಧ ವ್ಯಾಪಾರ. ಚೀಟಿ ಕಿತ್ತು ‘ಅಸಲಿ’ ಎಂದಾಗ ಅದು ಮೋಸವಾಗುತ್ತದೆ.

ಹೇಳುವುದು ಹೇಗೆ? ಮೂರು ಸಂಜೆ ಯೋಚಿಸಿದೆ. ತೀರಿಕೊಂಡ ಅಪ್ಪನ ಮಾತನ್ನು ಸುಳ್ಳು ಎನ್ನಲು ನಾನು ಯಾರು? ಕೊನೆಗೆ ನೋಟ್‌ಬುಕ್ಕನ್ನೇ ಅವರ ಮುಂದಿಟ್ಟು, ‘ಕಂಡದ್ದು’ ಎಂಬ ಕಾಲಮ್ಮನ್ನು ಒಂದೊಂದೇ ಸಾಲು ಓದಿದೆ. ದೀಪವನ್ನು ಅವರ ಕೈಗೇ ಕೊಟ್ಟೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಹೋಗಿ ಹಳೆಯ ಆಲ್ಬಂ ತಂದರು. ಅದರಲ್ಲಿ ಅವರ ತಂದೆ ಹುಡುಗನಂತೆ ನಗುತ್ತ ಪೆನಂಟ್ ಹಿಡಿದು ನಿಂತ ಕಪ್ಪು-ಬಿಳುಪು ಚಿತ್ರವಿತ್ತು. ಅದೂ ಡಾಡ್ಜರ್ಸ್‌ದೇ. ಆದರೆ ಚಿತ್ರ ಬೇರೆ, ಅಕ್ಷರದ ಓರೆ ಬೇರೆ. ಅವರ ಬಳಿ ಡಾಡ್ಜರ್ಸ್ ಪೆನಂಟ್ ಇದ್ದದ್ದು ನಿಜ. ಅದು ಎಲ್ಲಿ ಹೋಯಿತೋ, ಈ ಬಟ್ಟೆ ಆ ಜಾಗಕ್ಕೆ ಯಾವಾಗ ಬಂತೋ, ಹೇಳಬಲ್ಲವರು ಈಗಿಲ್ಲ.

ಕೊಳ್ಳುವವನು ಮತ್ತೆ ಬಂದ. ಪೆನಂಟ್ ಹೊಸದು ಎಂದು ಅವನಿಗೂ ತಿಳಿಸಿದೆವು. ಅವನು ಹಿಂದೆ ಸರಿಯಲಿಲ್ಲ! ‘ಪತ್ರ ಇದ್ದರೆ ಸಾಕು, 400 ಕೊಡುತ್ತೇನೆ’ ಎಂದ. ಅವನಿಗೆ ಬೇಕಿದ್ದದ್ದು ಬಟ್ಟೆಯಲ್ಲ, ಆ ವೃದ್ಧೆಯ ಸಹಿ ಎಂದು ನನಗೆ ಆಗ ಸ್ಪಷ್ಟವಾಯಿತು. ಮನೆಯಲ್ಲಿ ಯಂತ್ರ ಕೆಟ್ಟಿದೆ, ಹೊರಗೆ ಚಳಿ ಏರುತ್ತಿದೆ. ‘ನಮ್ಮಪ್ಪನ ಕಥೆ ಮಾರುವುದಿಲ್ಲ’ ಎಂದರು ಒಡತಿ, ಅವನನ್ನು ಬಾಗಿಲವರೆಗೆ ಬಿಟ್ಟು ಬಂದರು.

ಇಂಥ ಸಹಿಗಳ ಮೇಲೆಯೇ ದೊಡ್ಡ ದೊಡ್ಡ ಮೋಸ ನಡೆದಿದೆ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ಆಟಗಾರರ ನಕಲಿ ಹಸ್ತಾಕ್ಷರಗಳ ಜಾಲವನ್ನೇ ಹಿಡಿಯಿತು. ನಂತರ 2001ರಲ್ಲಿ ಮೇಜರ್ ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ಶುರುಮಾಡಿತು. ಪೊಲೀಸ್ ಇಲಾಖೆಯ ಹಿನ್ನೆಲೆಯವರು ಮೈದಾನದಲ್ಲೇ ಇದ್ದು, ಚೆಂಡು, ಅಂಗಿಗಳಿಗೆ ಕಣ್ಣೆದುರೇ ಹೊಲೊಗ್ರಾಂ ಅಂಟಿಸುತ್ತಾರೆ. ಮೊದಲ ನಿಯಮ, ತಾವು ಸ್ವತಃ ಕಂಡದ್ದಕ್ಕೆ ಮಾತ್ರ ಅಂಟಿಸಬೇಕು.

ಉಳಿದ 42ರಲ್ಲಿ ಇನ್ನೆರಡು ಹೊಸವು, 29 ಸಾಮಾನ್ಯ. ಆದರೆ ಯಾರೂ ಕಣ್ಣೆತ್ತಿ ನೋಡದ 11 ಪೆನಂಟ್‌ಗಳು ಗಟ್ಟಿಯಾಗಿ ನಿಂತವು. ಅವುಗಳಲ್ಲಿ ಹೂಸ್ಟನ್ ಕೋಲ್ಟ್, ಕ್ಯಾನ್ಸಸ್ ಸಿಟಿ ಅಥ್ಲೆಟಿಕ್ಸ್ ಮತ್ತು ಸಿಯಾಟಲ್ ಪೈಲಟ್ಸ್ ಇದ್ದವು. ಹರಾಜು ಸಂಸ್ಥೆಯ ತಜ್ಞರು ಮತ್ತೊಮ್ಮೆ ಪರೀಕ್ಷಿಸಿ ಒಪ್ಪಿದರು. ಕಮಿಷನ್ ಕಳೆದು 2,300 ಡಾಲರ್ ಬಂತು. ಯಂತ್ರದ ಉಳಿದ ಹಣಕ್ಕೆ ಕಂತು ಮಾಡಿಕೊಂಡರು. ನನಗೂ ಪಾಲು ಕೊಡಲು ಬಂದರು. ವಿದ್ಯಾರ್ಥಿ ವೀಸಾದಲ್ಲಿ ಹೊರಗಿನ ಕೆಲಸಕ್ಕೆ ಹಣ ಪಡೆಯುವಂತಿಲ್ಲ, ಬೇಡ ಎಂದೆ.

ರೆಸ್ಯೂಮ್‌ಗೂ ದಾರವಿದೆ

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಇದನ್ನು ಏಕೆ ಬರೆಯುತ್ತಿದ್ದೇನೆ ಎಂದರೆ, ಆ ನೋಟ್‌ಬುಕ್ಕಿನ ಮೂರು ಕಾಲಮ್ಮನ್ನು ನಾನು ನನ್ನ ರೆಸ್ಯೂಮ್‌ಗೂ ಹಾಕಿದೆ. ‘ಪರಿಣತಿ’ ಎಂದು ಬರೆದ ಪ್ರತಿ ಸಾಲಿನ ಮುಂದೆ ಕೇಳಿಕೊಂಡೆ: ಇದನ್ನು ನಾನು ಮಾಡಿದ್ದೇನೆಯೇ, ತರಗತಿಯಲ್ಲಿ ಕೇಳಿದ್ದೇನೆಯೇ, ಅಥವಾ ಮಾಡಬಲ್ಲೆ ಎಂದು ಊಹಿಸುತ್ತಿದ್ದೇನೆಯೇ? ಎರಡು ಪುಟದ ರೆಸ್ಯೂಮ್ ಒಂದು ಪುಟವಾಯಿತು. ನಮ್ಮಲ್ಲಿ ಅನುಭವ ಪತ್ರ ‘ಮಾಡಿಕೊಡುವ’ ಅಂಗಡಿಗಳಿವೆ ಎಂದು ನಿಮಗೂ ಗೊತ್ತು. ಆ ಪತ್ರ ತೋರಿಸಿ ಒಳಗೆ ಹೋಗಬಹುದು. ಆದರೆ ಎದುರಿಗೆ ಕೂತವರು ಒಂದೆಳೆ ಕಿತ್ತು ಕಡ್ಡಿ ಗೀರಿದರೆ ಏನು ಮಾಡುತ್ತೀರಿ?

ಜನವರಿಯಿಂದ ದಿನ ಎಣಿಸುತ್ತಿದ್ದೆ. 58ನೇ ದಿನ ಬಟ್ಟೆ ಪರೀಕ್ಷಿಸುವ ಪ್ರಯೋಗಾಲಯವೊಂದರ ಸಂದರ್ಶನ. ‘ನಿಮಗೆ ಒಂದು ಫಲಿತಾಂಶ ಇಷ್ಟವಾಗದಿದ್ದರೂ ಹೇಳಲೇಬೇಕಾಗಿ ಬಂದದ್ದುಂಟೇ?’ ಎಂದು ಕೇಳಿದರು. ಡಾಡ್ಜರ್ಸ್ ಪೆನಂಟಿನ ಕಥೆ ಹೇಳಿದೆ. ಯಾವ ಎಳೆ, ಯಾವ ದೀಪ, ಯಾವ ಕ್ರಮದಲ್ಲಿ ಎಂದು ಹದಿನೈದು ನಿಮಿಷ ಕೆದಕಿದರು. ಎಲ್ಲಕ್ಕೂ ಉತ್ತರ ಇತ್ತು, ಏಕೆಂದರೆ ಎಲ್ಲವೂ ‘ಕಂಡದ್ದು’ ಕಾಲಮ್ಮಿನದು. ಕೆಲಸ ಸಿಕ್ಕಿತು. ಪೆನಂಟ್‌ನಿಂದಲೇ ಸಿಕ್ಕಿತು ಎನ್ನಲಾರೆ, ಅದು ‘ಊಹಿಸಿದ್ದು’ ಕಾಲಮ್ಮಿಗೆ ಸೇರಿದ್ದು.

ಈ ಹವ್ಯಾಸಕ್ಕೆ ಅಮೆರಿಕಕ್ಕೇ ಬರಬೇಕಿಲ್ಲ. ನಿಮ್ಮ ಮನೆಯ ಟ್ರಂಕಿನಲ್ಲಿ ಮೈಸೂರು ಕಾಲದ ಕ್ರಿಕೆಟ್ ಟಿಕೆಟ್, ದಾವಣಗೆರೆ ಹತ್ತಿ ಗಿರಣಿಯ ಚೀಟಿ, ಬೆಂಕಿಪೊಟ್ಟಣದ ಲೇಬಲ್, ಹಳೆಯ ಸಿನಿಮಾ ಪೋಸ್ಟರ್ ಇರಬಹುದು. ಗುಜರಿಗೆ ಹಾಕುವ ಮುಂಚೆ ಒಂದು ಭೂತಗನ್ನಡಿ ಹಿಡಿದು ಕೂತುಕೊಳ್ಳಿ. ಅದರ ಮೇಲಿನ ಊರಿನ ಹೆಸರು, ಮುದ್ರಕರ ಹೆಸರು, ಬೆಲೆ ರೂಪಾಯಿ-ಆಣೆಯಲ್ಲಿದೆಯೋ ಪೈಸೆಯಲ್ಲಿದೆಯೋ ನೋಡಿ. ಆಣೆ ಹೋಗಿ ನಯಾಪೈಸೆ ಬಂದದ್ದು 1957ರಲ್ಲಿ. ಮೊದಲ ಸಾಕ್ಷಿ ನಿಮ್ಮ ಕೈಯಲ್ಲೇ ಸಿಕ್ಕಿತಲ್ಲ, ಇನ್ನು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದುಕೊಳ್ಳಿ.